ಟ್ರಾನ್ಸ್‌ಪೋರ್ಟ್ ಬೇರೆ, ಡ್ಯಾಕ್ ಬೇರೆ: ತುಮಕೂರಿನ ಒಂದು ಮನೆಯ ಪ್ರಕರಣ

ತುಮಕೂರಿನ ಎಸ್‌ಐಟಿ ಬಡಾವಣೆಯ ಒಂದು ಮನೆ. ಯಜಮಾನರು ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಿಂದೂಸ್ತಾನಿ ಗಾಯನ ಅಂದರೆ ಪ್ರಾಣ, ವೀಣೆ ಅಂದರೂ ಅಷ್ಟೇ. ಹಾಲ್‌ನಲ್ಲಿ ಹಳೇ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಒಂದು ಸಿಡಿ ಪ್ಲೇಯರ್. ಗಾಜಿನ ಬೀರುವಿನಲ್ಲಿ ಮುನ್ನೂರರ ಹತ್ತಿರ ಸಿಡಿ. ಆಂಪ್ಲಿಫೈಯರ್, ಸ್ಪೀಕರ್ ಎರಡೂ ಗಟ್ಟಿಮುಟ್ಟಾಗಿದ್ದವು. ಕೈಕೊಟ್ಟಿದ್ದು ಪ್ಲೇಯರ್ ಮಾತ್ರ. ಸಿಡಿ ಹಾಕಿದರೆ ಗರಗರ ತಿರುಗಿ, ‘ನೋ ಡಿಸ್ಕ್’ ಅಂತ ತೋರಿಸಿ ಸುಮ್ಮನಾಗುತ್ತಿತ್ತು.

ಬೆಂಗಳೂರಿನಲ್ಲಿ ಯಾರೋ ಅವರಿಗೆ ಹೇಳಿದ್ದರು, ಈಗ ಒಂದೇ ಡಬ್ಬ ತಗೋಬೇಡಿ, ಟ್ರಾನ್ಸ್‌ಪೋರ್ಟ್ ಬೇರೆ, ಡ್ಯಾಕ್ ಬೇರೆ ತಗೊಳ್ಳಿ ಅಂತ. ನನ್ನನ್ನು ಕರೆಸಿದ್ದು ಅದಕ್ಕೇ. ‘ಎರಡೂ ಸೇರಿ ಒಂದು ಲಕ್ಷದೊಳಗೆ ಮುಗೀಬೇಕಪ್ಪ. ಯಾವುದು ತಗೊಳ್ಳಲಿ ಹೇಳು’ ಅಂದರು.

ಎರಡು ಡಬ್ಬದ ಲೆಕ್ಕ ಹೀಗಿದೆ. ಸಿಡಿಯಲ್ಲಿ ಇರುವುದು ಅಂಕಿಗಳು. ಎಡಕ್ಕೂ ಬಲಕ್ಕೂ ಸೆಕೆಂಡಿಗೆ 44,100 ಅಂಕಿ, ಒಂದೊಂದೂ 16 ಬಿಟ್. ಸೋನಿ, ಫಿಲಿಪ್ಸ್ ಸೇರಿ 1980ರಲ್ಲಿ ಈ ನಿಯಮ ಮಾಡಿದವು. ಅದಕ್ಕೆ ರೆಡ್ ಬುಕ್ ಅನ್ನುತ್ತಾರೆ. 1982ರಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಅಂಗಡಿಗೆ ಬಂತು. ಟ್ರಾನ್ಸ್‌ಪೋರ್ಟ್ ಡಿಸ್ಕ್ ತಿರುಗಿಸುತ್ತದೆ, ಲೇಸರ್‌ನಿಂದ ಅಂಕಿ ಓದುತ್ತದೆ, ತಪ್ಪಿದ್ದರೆ ತಿದ್ದುತ್ತದೆ, ವಯರಿನಲ್ಲಿ ಆಚೆ ಕಳಿಸುತ್ತದೆ. ಆ ಅಂಕಿಯನ್ನು ವೋಲ್ಟೇಜ್ ಮಾಡುವುದು ಡ್ಯಾಕ್. ಮಾಮೂಲಿ ಪ್ಲೇಯರ್‌ನಲ್ಲಿ ಎರಡೂ ಒಂದೇ ಡಬ್ಬದೊಳಗೆ ಇರುತ್ತವೆ. ಬೇರೆ ಮಾಡಿದರೆ ಧ್ವನಿಯ ಮಟ್ಟ ಎಲ್ಲೋ ಏರಿಬಿಡುತ್ತದೆ ಅನ್ನುವವರಿದ್ದಾರೆ. ನನ್ನ ಪ್ರಕಾರ ನಿಜವಾದ ಲಾಭ ಬೇರೆ. ಸವೆಯುವುದು ಲೇಸರ್, ಮೋಟಾರ್, ಹಲ್ಲುಚಕ್ರ. ಡ್ಯಾಕ್‌ನಲ್ಲಿ ತಿರುಗುವ, ಜಾರುವ ಭಾಗವೇ ಇಲ್ಲ. ಓದುವ ಯಂತ್ರ ಕೆಟ್ಟ ದಿನ ಅದೊಂದನ್ನೇ ಬದಲಿಸಿದರೆ ಆಯಿತು.

ಯಾವ ಕಂಪನಿ ಅನ್ನುವ ಮಾತಿಗೆ ಮೊದಲು ಬೀರು ತೆಗೆಸಿದೆ. ಅವರಿಗೆ ಸ್ವಲ್ಪ ಬೇಜಾರೇ ಆಯಿತು. ಮಗಳು ಮಾತ್ರ ಚಾಪೆ ಹಾಸಿ ಎಲ್ಲಾ ಸಿಡಿ ಕೆಳಗೆ ಹರಡಿದಳು. ಆಗ ಗೊತ್ತಾಗಿದ್ದು, ಮುನ್ನೂರೂ ಒಂದೇ ಜಾತಿಯವಲ್ಲ. ಅರ್ಧಕ್ಕಿಂತ ಜಾಸ್ತಿ ಕಂಪನಿಯಿಂದ ಅಚ್ಚಾಗಿ ಬಂದ ಆಡಿಯೋ ಸಿಡಿ. ಒಂದಷ್ಟು ಕ್ಯಾಸೆಟ್ಟಿನಿಂದ ಮನೆಯಲ್ಲೇ ಬರ್ನ್ ಮಾಡಿಕೊಂಡಿದ್ದ ಸಿಡಿ-ಆರ್. ಮಿಕ್ಕಿದ್ದು ಎಂಪಿ3 ಸಿಡಿ, ನೂರಕ್ಕೂ ಮೇಲೆ ಭಕ್ತಿಗೀತೆ, ಭಾವಗೀತೆ ಒಂದೇ ಡಿಸ್ಕಿನಲ್ಲಿ ತುಂಬಿ ಮಾರುತ್ತಿದ್ದರಲ್ಲ, ಅಂಥವು. ಅಮ್ಮನವರು ಬೆಳಗ್ಗೆ ಹಾಕಿಕೊಳ್ಳುವುದು ಈ ಮೂರನೇ ಜಾತಿಯನ್ನು.

ಇಲ್ಲೇ ಮೊದಲ ತೊಡಕು. ಎಂಪಿ3 ಸಿಡಿ ನೋಡಲು ಸಿಡಿಯೇ. ಆದರೆ ಒಳಗಿರುವುದು ಕಂಪ್ಯೂಟರ್ ಫೈಲು, ರೆಡ್ ಬುಕ್ ಪ್ರಕಾರದ ಅಂಕಿಯ ಸಾಲಲ್ಲ. ಹೆಸರುವಾಸಿಯಾದ ಟ್ರಾನ್ಸ್‌ಪೋರ್ಟ್‌ಗಳಲ್ಲಿ ಕೆಲವು ಆಡಿಯೋ ಸಿಡಿ ಬಿಟ್ಟು ಬೇರೆ ಏನನ್ನೂ ನುಡಿಸುವುದಿಲ್ಲ. ಕೇಂಬ್ರಿಡ್ಜ್ ಆಡಿಯೋ ಸಿಎಕ್ಸ್‌ಸಿ ಅಂಥದ್ದೇ. ಐವತ್ತು ಅರವತ್ತು ಸಾವಿರ ಸುರಿದು ತಂದ ಯಂತ್ರ ಅಮ್ಮನವರ ಸುಪ್ರಭಾತ ನುಡಿಸಲ್ಲ ಅಂತ ಆಮೇಲೆ ಗೊತ್ತಾದರೆ ಮನೆಯಲ್ಲಿ ಏನಾಗುತ್ತೆ ಅಂತ ಬೇರೆ ಹೇಳಬೇಕಾ?

ಡಿಸ್ಕುಗಳ ಸ್ಥಿತಿಯನ್ನೂ ನೋಡಿದೆವು. ಒಂದೊಂದನ್ನೇ ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯುವುದು. ಕೆಲವದರಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬೆಳಕು ತೂರಿ ಬರುತ್ತಿತ್ತು. ಅಲ್ಲಿ ಅಲ್ಯೂಮಿನಿಯಂ ಪದರವೇ ಹೋಗಿದೆ ಅಂತ ಅರ್ಥ. ಜನ ಹೊಳೆಯುವ ಮಗ್ಗುಲನ್ನು ಜೋಪಾನ ಮಾಡುತ್ತಾರೆ, ಹೆಸರು ಬರೆದಿರುವ ಮಗ್ಗುಲನ್ನು ಟೇಬಲ್ಲಿನ ಮೇಲೆ ಉಜ್ಜುತ್ತಾರೆ. ಇರಬೇಕಾದದ್ದು ಉಲ್ಟಾ. ಹೊಳೆಯುವ ಕಡೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಕಾವಲಿದೆ. ಹೆಸರಿನ ಕಡೆ ಇರುವುದು ತೆಳ್ಳನೆ ಲ್ಯಾಕರ್ ಮತ್ತು ಅಚ್ಚಿನ ಬಣ್ಣ, ಅಷ್ಟೇ. ಅಲ್ಲಿ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಹಾಡನ್ನೇ ಗೀರಿದಂತೆ. ಯಜಮಾನರ ಸಿಡಿ-ಆರ್‌ಗಳ ಮೇಲೆಲ್ಲಾ ಬಾಲ್ ಪೆನ್ನಿನ ಮುದ್ದಾದ ಅಕ್ಷರ.

ಒರೆಸುವುದಕ್ಕೂ ಒಂದು ಕ್ರಮ ಇದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಗುಂಡಗೆ ಒರೆಸಬಾರದು. ಸಿಡಿಯ ತಪ್ಪು ತಿದ್ದುವ ವ್ಯವಸ್ಥೆ ಜಾಡಿನ (ಅಂಕಿಗಳು ಸುತ್ತು ಸುತ್ತಾಗಿ ಕೂತಿರುವ ಗೆರೆ) ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ತನಕ ಅಂಕಿ ಕಾಣೆಯಾದರೂ ಪೂರ್ತಿ ತುಂಬಿಕೊಳ್ಳಬಲ್ಲದು. ಅಡ್ಡಗೀರು ಜಾಡನ್ನು ದಾಟಿ ಹೋಗುತ್ತದೆ, ಹಾಗಾಗಿ ಪ್ರತಿ ಸುತ್ತಿನಲ್ಲೂ ನಷ್ಟ ಕಡಿಮೆ. ಜಾಡಿನ ಜೊತೆಗೇ ಓಡುವ ಗುಂಡಗಿನ ಗೀರು ಆ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಮೀರಿದರೆ ಯಂತ್ರ ಅಕ್ಕಪಕ್ಕದ ಅಂಕಿ ನೋಡಿ ಅಂದಾಜು ಹಾಕುತ್ತದೆ. ಅದೂ ಆಗದಿದ್ದರೆ ಧ್ವನಿ ಕತ್ತರಿಸುತ್ತದೆ.

ಹಳೇ ಪ್ಲೇಯರ್ ಬಿಚ್ಚಿದಾಗ ಕಾರಣ ಕಂಡಿತು. ಹಿಂದೆ ಯಾರೋ ರಿಪೇರಿಯವರು ಲೇಸರ್ ಪಕ್ಕದ ಪುಟ್ಟ ಪೊಟೆನ್ಷಿಯೋಮೀಟರ್ ತಿರುಗಿಸಿ ಕರೆಂಟ್ ಏರಿಸಿದ್ದರು. ಹಾಗೆ ಮಾಡಿದರೆ ಸ್ವಲ್ಪ ಕಾಲ ಚೆನ್ನಾಗಿ ಓದುತ್ತದೆ, ಆಮೇಲೆ ಲೇಸರ್ ಬೇಗ ಸಾಯುತ್ತದೆ. ಆ ಪಿಕಪ್, ಅಂದರೆ ಲೇಸರ್ ಇರುವ ಓದುವ ಭಾಗ, ಈಗ ಅಸಲಿ ಸಿಗುವುದಿಲ್ಲ. ನಕಲಿ ಹಾಕಿಸಿ ಮತ್ತೆ ಪರದಾಡುವುದು ಯಜಮಾನರಿಗೆ ಬೇಡವಾಗಿತ್ತು. ತೊಂಬತ್ತರ ದಶಕದ ಸೆಕೆಂಡ್‌ಹ್ಯಾಂಡ್ ಪ್ಲೇಯರ್‌ಗಳ ಬಗ್ಗೆಯೂ ಕೇಳಿದರು. ಫಿಲಿಪ್ಸ್‌ನ ಹಳೇ ಸ್ವಿಂಗ್ ಆರ್ಮ್ (ಲೇಸರ್ ಒಂದು ತೋಳಿನ ಮೇಲೆ ಕೂತು ಆಚೀಚೆ ಆಡುವ) ಯಂತ್ರಗಳು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೇಸರ್ ಹೋದರೆ ಅವೂ ಇದೇ ಕಥೆ. ಅದನ್ನು ಬಿಟ್ಟೆವು.

ಮೊದಲು ಡ್ಯಾಕ್ ತರೋಣ, ಟ್ರಾನ್ಸ್‌ಪೋರ್ಟ್ ಆಮೇಲೆ ನೋಡೋಣ ಅಂದೆ. ಮನೆಯಲ್ಲಿ ಹಳೇ ಡಿವಿಡಿ ಪ್ಲೇಯರ್ ಒಂದಿತ್ತು. ಅದರ ಹಿಂದೆ ಕಿತ್ತಳೆ ಬಣ್ಣದ ಕೋಆಕ್ಸಿಯಲ್ ಡಿಜಿಟಲ್ ಔಟ್, ಅಂಕಿಗಳನ್ನು ಲೋಹದ ವಯರಿನಲ್ಲಿ ಆಚೆ ಕಳಿಸುವ ತೂತು. ಅಂದರೆ ಕಾಸು ಖರ್ಚಿಲ್ಲದ ಟ್ರಾನ್ಸ್‌ಪೋರ್ಟ್ ಆಗಲೇ ಮನೆಯಲ್ಲಿದೆ. ಎಂಪಿ3 ಸಿಡಿಯನ್ನೂ ಅದು ನುಡಿಸುತ್ತದೆ.

ಡ್ಯಾಕ್ ಆರಿಸುವಾಗ ಜನ ಒಳಗಿನ ಚಿಪ್ ಮಾಡಿದ ಕಂಪನಿಯ ಹೆಸರಿಗೆ ಜೋತುಬೀಳುತ್ತಾರೆ, ಎಕೆಎಂ ಒಳ್ಳೇದಾ, ಇಎಸ್‌ಎಸ್ ಒಳ್ಳೇದಾ ಅಂತ. ಈಗಿನ ಕಡಿಮೆ ಬೆಲೆಯ ಡ್ಯಾಕ್‌ಗಳೂ ಸಿಡಿಯ ಹತ್ತಿರಹತ್ತಿರ 96 ಡೆಸಿಬಲ್ ವ್ಯಾಪ್ತಿಯನ್ನು (ಅತಿ ಮೆಲುದನಿಯಿಂದ ಅತಿ ಜೋರಿನ ತನಕದ ಅಂತರ) ಆರಾಮಾಗಿ ದಾಟುತ್ತವೆ. ನಾನು ನೋಡಿದ್ದು ಹಿಂಭಾಗದ ತೂತುಗಳನ್ನು. ಈ ಮನೆಗೆ ಬೇಕಾದದ್ದು ಮೂರು: ಸಿಡಿಗೆ ಕೋಆಕ್ಸಿಯಲ್, ಟಿವಿಗೆ ಆಪ್ಟಿಕಲ್, ಮಗಳ ಲ್ಯಾಪ್‌ಟಾಪಿಗೆ ಯುಎಸ್‌ಬಿ. ಜೊತೆಗೆ ರಿಮೋಟ್, ಯಾಕೆಂದರೆ ಯಜಮಾನರು ಕುರ್ಚಿ ಬಿಟ್ಟು ಏಳುವವರಲ್ಲ. ಈ ಮೂರೂ ಇದ್ದ ಟಾಪಿಂಗ್ ಇ30 II ಬಂತು. 5 ವೋಲ್ಟಿನಲ್ಲಿ ಓಡುತ್ತದೆ, ಅಂಗೈಯಗಲದ್ದು. ‘ಇಷ್ಟಕ್ಕಾ ಇಷ್ಟು ದುಡ್ಡು?’ ಅಂತ ಅಮ್ಮನವರು ಎತ್ತಿ ನೋಡಿದರು.

ಟಿವಿಗೆ ಆಪ್ಟಿಕಲ್ ಬೇಕು ಅಂದದ್ದಕ್ಕೆ ಕಾರಣ ಇತ್ತು. ಆ ಮನೆಯ ಸ್ಪೀಕರಿನಲ್ಲಿ ವರ್ಷಗಳಿಂದ ಒಂದು ಗುಂಯ್ ಸದ್ದು. ಎಲ್ಲರೂ ಅದನ್ನು ಆಂಪ್ಲಿಫೈಯರ್ ಮುದಿಯಾಗಿದೆ ಅಂತ ಒಪ್ಪಿಕೊಂಡಿದ್ದರು. ನಾನು ಸೆಟ್‌ಟಾಪ್ ಬಾಕ್ಸಿನ ಹಿಂದಿನಿಂದ ಕೇಬಲ್ ಟಿವಿಯ ವಯರ್ ತಿರುಪಿ ತೆಗೆದೆ. ಸದ್ದು ತಟ್ಟನೆ ನಿಂತಿತು. ಮತ್ತೆ ಹಾಕಿದೆ, ಬಂತು. ಆ ವಯರಿನ ಹೊರಜಾಲರಿ ಬೀದಿಯ ಕಂಬದಿಂದ ಕಂಬಕ್ಕೆ ಬಂದದ್ದು. ಅದರ ಅರ್ಥಿಂಗ್ ಒಂದು ಕಡೆ, ಮನೆಯ ಅರ್ಥಿಂಗ್ ಇನ್ನೊಂದು ಕಡೆ. ಎರಡರ ನಡುವೆ ಇರುವ ಸಣ್ಣ ವೋಲ್ಟೇಜ್ ವ್ಯತ್ಯಾಸ ಆಡಿಯೋ ವಯರಿನ ಜಾಲರಿಯಲ್ಲಿ ಹರಿಯುತ್ತದೆ. 50 ಹರ್ಟ್ಸ್ ಗುಂಯ್‌ಗುಡುವುದು ಅದೇ. ಆಪ್ಟಿಕಲ್ ವಯರಿನಲ್ಲಿ ಹೋಗುವುದು ಬೆಳಕು, ಲೋಹದ ಕೊಂಡಿಯೇ ಇಲ್ಲ. ಟಿವಿಯಿಂದ ಆಂಪ್ಲಿಫೈಯರಿಗೆ ಇದ್ದ ಕೆಂಪು ಬಿಳಿ ವಯರ್ ಕಿತ್ತು ಟಿವಿಯನ್ನು ಆಪ್ಟಿಕಲ್ ಮೂಲಕ ಡ್ಯಾಕಿಗೆ ಕೊಟ್ಟ ಮೇಲೆ ಸದ್ದು ಹೋಯಿತು. ಇಡೀ ಪ್ರಕರಣದಲ್ಲಿ ಕಿವಿಗೆ ಅತಿ ಜಾಸ್ತಿ ಗೊತ್ತಾದ ಬದಲಾವಣೆ ಇದು. ಒಂದು ಎಚ್ಚರ, ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್ ಪಿಸಿಎಂ (ಸಿಡಿಯಲ್ಲಿರುವಂಥ ನೇರ ಅಂಕಿ) ಅಂತ ಇರಬೇಕು. ಸದ್ದನ್ನು ಅಡಕ ಮಾಡಿ ಕಳಿಸುವ ಡಾಲ್ಬಿ ಅಂತ ಇದ್ದರೆ ಇಂಥ ಡ್ಯಾಕಿಗೆ ಅದು ಅರ್ಥವಾಗುವುದಿಲ್ಲ.

ಡಿವಿಡಿ ಪ್ಲೇಯರ್ ಅಂಕಿಗಳನ್ನು ಇದ್ದ ಹಾಗೆ ಕಳಿಸುತ್ತಿದೆಯಾ ಅಂತ ನೋಡಬೇಕಿತ್ತು. ಒಂದು ಸಿಡಿಯನ್ನು ಲ್ಯಾಪ್‌ಟಾಪಿನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದಿಂದ ಕಾಪಿ ಮಾಡಿದೆ. ಅದೇ ಹಾಡನ್ನು ಡಿವಿಡಿ ಪ್ಲೇಯರಿನ ಡಿಜಿಟಲ್ ಔಟಿನಿಂದ, ಡಿಜಿಟಲ್ ಇನ್‌ಪುಟ್ ಇರುವ ಸೌಂಡ್ ಕಾರ್ಡ್ ಮೂಲಕ ರೆಕಾರ್ಡ್ ಮಾಡಿದೆ. ಎರಡನ್ನೂ ಸಾಲಾಗಿ ಹೊಂದಿಸಿ ಒಂದರಿಂದ ಇನ್ನೊಂದನ್ನು ಕಳೆದರೆ ಸೊನ್ನೆ ಉಳಿಯಬೇಕು. ಉಳಿಯಲಿಲ್ಲ. ಮೆನು ಹುಡುಕಿದರೆ ಈಕ್ವಲೈಸರ್ ‘ರಾಕ್’ ಅಂತ ಕೂತಿತ್ತು! ಎಷ್ಟು ವರ್ಷದಿಂದ ಮಲ್ಲಿಕಾರ್ಜುನ ಮನ್ಸೂರರು ಆ ಮನೆಯಲ್ಲಿ ರಾಕ್ ಹಾಡುತ್ತಿದ್ದರೋ. ಅದನ್ನು ತೆಗೆದು, ಕರೋಕೆ ಎಕೋ ಸೊನ್ನೆ ಮಾಡಿ, ಎಸ್‌ಪಿಡಿಐಎಫ್ (ಡಿಜಿಟಲ್ ಔಟಿನ ಸೆಟ್ಟಿಂಗ್) ಪಿಸಿಎಂಗೆ ಇಟ್ಟ ಮೇಲೆ ಕಳೆದಾಗ ಸೊನ್ನೆಯೇ ಬಂತು. ಒಂದು ಬಿಟ್ಟೂ ಆಚೀಚೆ ಇಲ್ಲ.

ಹಾಗಾದರೆ ಟ್ರಾನ್ಸ್‌ಪೋರ್ಟ್‌ಗೆ ದುಡ್ಡು ಯಾಕೆ? ಮಗಳ ಪ್ರಶ್ನೆಯೂ ಅದೇ.

ದುಬಾರಿ ಟ್ರಾನ್ಸ್‌ಪೋರ್ಟಿನಲ್ಲಿ ಅಂಕಿಗಳಿಗೆ ತಾಳ ಹಾಕುವ ಗಡಿಯಾರ ಚೆನ್ನಾಗಿರುತ್ತಂತಲ್ಲ ಅಂತ ಯಜಮಾನರು ವಾದ ಮಾಡಿದರು. ಅವರ ಜೊತೆ ಈ ವಿಷಯ ಮಾತಾಡುವುದೇ ಒಂದು ಖುಷಿ. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ, ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಟಿಕ್ ಅಂತ ಅವರಿಗೆ ಬಾಯಿಪಾಠ. ಸಿಡಿ ಯಂತ್ರದಲ್ಲಿಯೂ ಹರಳೇ. 44,100ನ್ನು 256ರಿಂದ ಗುಣಿಸಿದ 1,12,89,600 ಹರ್ಟ್ಸ್ ಸಾಮಾನ್ಯವಾಗಿ ಬಳಸುವ ಒಂದು ಲೆಕ್ಕ. ವಾಚು ನಿಧಾನ ಹೋಗುವುದು ಬೇರೆ, ಟಿಕ್‌ಟಿಕ್ ನಡುವಿನ ಅಂತರ ನಡುಗುವುದು ಬೇರೆ ಅಂದ ತಕ್ಷಣ ಹಿಡಿದರು. ಮೊದಲನೆಯದು ಇಲ್ಲಿ ಲೆಕ್ಕಕ್ಕಿಲ್ಲ. ಹರಳು ಹತ್ತು ಲಕ್ಷಕ್ಕೆ 50 ಪಾಲು ತಪ್ಪಿದರೂ 74 ನಿಮಿಷದ ಸಿಡಿ ಮುಗಿಯುವಾಗ ಬರುವ ವ್ಯತ್ಯಾಸ ಕಾಲು ಸೆಕೆಂಡೂ ಇಲ್ಲ. ಎರಡನೆಯದಕ್ಕೆ ಜಿಟ್ಟರ್ ಅನ್ನುತ್ತಾರೆ. ಟ್ರಾನ್ಸ್‌ಪೋರ್ಟಿನಿಂದ ಬರುವ ವಯರಿನಲ್ಲಿ ಅಂಕಿಯೂ ಗಡಿಯಾರವೂ ಒಂದೇ ಸಂಕೇತದಲ್ಲಿ ಬೆರೆತಿರುತ್ತವೆ. ಗಡಿಯಾರವನ್ನು ಅದರಿಂದ ಬಿಡಿಸಿ, ನಡುಕ ಶೋಧಿಸಿ ತೆಗೆಯುವುದು ಡ್ಯಾಕಿನ ಕೆಲಸ. ಈ ಕೆಲಸ ಸರಿಯಾಗಿ ಮಾಡುವ ಡ್ಯಾಕ್ ಇದ್ದರೆ ಟ್ರಾನ್ಸ್‌ಪೋರ್ಟಿನ ಹರಳಿಗೆ ಅಂತ ಜಾಸ್ತಿ ದುಡ್ಡು ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ‘ಅಂದ್ರೆ ಅಡ್ಜಸ್ಟ್‌ಮೆಂಟ್ ಕೊನೇ ಟೇಬಲ್ಲಲ್ಲಿ ಆಗುತ್ತೆ ಅನ್ನು’ ಅಂತ ಯಜಮಾನರು ವಾಚ್ ಕಾರ್ಖಾನೆಯ ಭಾಷೆಯಲ್ಲಿ ಅಂದರು.

ಡಿವಿಡಿ ಪ್ಲೇಯರ್ ಸೋತದ್ದು ಇನ್ನೊಂದು ಕಡೆ. ಒಂದು ರಾಗದ ಸಿಡಿ ಹಾಕಿ ಕೂತೆವು. ವಿಲಂಬಿತ್ ಒಂದು ಟ್ರ್ಯಾಕ್, ದ್ರುತ್ ಇನ್ನೊಂದು. ಹಾಡುಗಾರಿಕೆ ನಡುವೆ ನಿಂತಿಲ್ಲ, ಕಂಪನಿಯವರು ಗುರುತಿಗೆ ಅಂತ ನಂಬರ್ ಹಾಕಿದ್ದಾರೆ ಅಷ್ಟೇ. ಡಿವಿಡಿ ಪ್ಲೇಯರ್ ಒಂದು ಟ್ರ್ಯಾಕ್ ಮುಗಿದು ಇನ್ನೊಂದು ಶುರುವಾಗುವಾಗ ಕ್ಷಣಕಾಲ ಧ್ವನಿ ಮುಚ್ಚುತ್ತಿತ್ತು. ತಂಬೂರಿ ಕತ್ತರಿಸಿ ಹೋಗಿ ಮತ್ತೆ ಧುತ್ತೆಂದು ಬರುತ್ತಿತ್ತು. ಯಜಮಾನರು ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ಇದಕ್ಕೆ ಯಾವ ಡ್ಯಾಕೂ ಮದ್ದಲ್ಲ, ಡಿಸ್ಕ್ ಓದುವ ಯಂತ್ರವೇ ಸರಿಯಿರಬೇಕು. ಇನ್ನೂ ಕೆಲವು ಕಿರಿಕಿರಿ ಇದ್ದವು. ಬೇಕಾದ ಟ್ರ್ಯಾಕ್ ಹುಡುಕಲು ಟಿವಿ ಹಚ್ಚಬೇಕು. ರಾತ್ರಿ ವೀಣೆ ಕೇಳುವಾಗ ಮೋಟಾರಿನ ಕುಂಯ್‌ಕುಂಯ್. ಟ್ರೇ ಆಗಾಗ ಅರ್ಧಕ್ಕೆ ನಿಲ್ಲುತ್ತಿತ್ತು.

ಕೊನೆಗೆ ಎರಡು ಟ್ರಾನ್ಸ್‌ಪೋರ್ಟ್ ಉಳಿದವು. ಆಡಿಯೋಲ್ಯಾಬ್ 6000ಸಿಡಿಟಿ, ಸ್ಲಾಟಿನೊಳಗೆ ಡಿಸ್ಕ್ ತೂರಿಸುವುದು, ಮುಂದಾಗಿ ಓದಿ ಬಫರಿನಲ್ಲಿ ಇಟ್ಟುಕೊಳ್ಳುತ್ತದೆ. ಇನ್ನೊಂದು ಕೇಂಬ್ರಿಡ್ಜಿನ ಸಿಎಕ್ಸ್‌ಸಿ, ಟ್ರೇ ಇರುವುದು, ಡಿಸ್ಕನ್ನು ಸಿಡಿಯ ಮಾಮೂಲಿ ವೇಗದಲ್ಲೇ ಓದುತ್ತದೆ. ಎರಡರಲ್ಲೂ ಕೋಆಕ್ಸಿಯಲ್, ಆಪ್ಟಿಕಲ್ ಔಟ್ ಇವೆ. ಅಂಕಿ ಎರಡರಿಂದಲೂ ಒಂದೇ ಬರುತ್ತದೆ. ಹಾಗಾಗಿ ತೀರ್ಮಾನಕ್ಕೆ ಬಂದದ್ದು ಧೂಳಿನ ಮೇಲೆ. ಮನೆ ಬಿ.ಎಚ್. ರಸ್ತೆಯಿಂದ ದೂರವೇನಿಲ್ಲ, ಬೇಸಿಗೆಯಲ್ಲಿ ಬೆಳಗ್ಗೆ ಒರೆಸಿದ ಟಿವಿ ಸ್ಟ್ಯಾಂಡ್ ಮೇಲೆ ಸಂಜೆ ಹೆಸರು ಬರೆಯಬಹುದು. ಸ್ಲಾಟಿನ ತುಟಿಗೆ ಧೂಳು ಹಿಡಿದರೆ ಅದು ಡಿಸ್ಕಿಗೆ ಉಜ್ಜುತ್ತದೆ, ಒರೆಸೋಣ ಅಂದರೆ ಕೈಗೆ ಎಟುಕುವುದಿಲ್ಲ. ಟ್ರೇ ಆದರೆ ಹೊರಗೆ ಬರುತ್ತದೆ, ಒರೆಸಬಹುದು. ಇದು ಎಲ್ಲಾ ಮನೆಗೂ ಹೊಂದುವ ಕಾರಣ ಅಲ್ಲ. ಈ ಮನೆಗೆ ಹೊಂದಿತು. ಸಿಎಕ್ಸ್‌ಸಿ ಬಂತು, ತಂಬೂರಿ ನಿಲ್ಲುವುದು ತಪ್ಪಿತು.

ವಯರಿನ ವಿಷಯದಲ್ಲಿ ಒಂದು ಜಗಳವೇ ಆಯಿತು ಅನ್ನಬಹುದು. ಬೆಂಗಳೂರಿನ ಅಂಗಡಿಯೊಂದರಲ್ಲಿ ಎಂಟು ಸಾವಿರದ ಕೋಆಕ್ಸಿಯಲ್ ವಯರ್ ತೋರಿಸಿ, ಇದಿಲ್ಲದೆ ಟ್ರಾನ್ಸ್‌ಪೋರ್ಟ್ ತಗೊಂಡು ಪ್ರಯೋಜನ ಇಲ್ಲ ಅಂದಿದ್ದರಂತೆ. ಬೇಕಾಗಿರುವುದು 75 ಓಂ ವಯರ್. ಕೇಬಲ್ ಟಿವಿಯವರು ಎಳೆಯುವ ಆರ್‌ಜಿ-6 ವಯರೂ 75 ಓಂ. ಅದರದೇ ಒಂದು ತುಂಡಿಗೆ ಎರಡು ಆರ್‌ಸಿಎ ಪಿನ್ ಬೆಸುಗೆ ಹಾಕಿ ಕೊಟ್ಟೆ. ಸೊನ್ನೆ ಪರೀಕ್ಷೆಯನ್ನು ಅದರ ಮೇಲೂ ಮಾಡಿ ತೋರಿಸಿದೆ.

ಯಜಮಾನರಿಗೆ ಇನ್ನೂ ಒಂದು ಗುಮಾನಿ. ಡ್ಯಾಕ್ ಅಗ್ಗದ್ದಾಯಿತಾ? ಸ್ನೇಹಿತರೊಬ್ಬರಿಂದ ನಾಲ್ಕು ಪಟ್ಟು ಬೆಲೆಯ ಡ್ಯಾಕ್ ಎರವಲು ತಂದೆವು. ಸಿಎಕ್ಸ್‌ಸಿಯ ಕೋಆಕ್ಸಿಯಲ್ ಒಂದಕ್ಕೆ, ಆಪ್ಟಿಕಲ್ ಇನ್ನೊಂದಕ್ಕೆ. ಎರಡೂ ಆಂಪ್ಲಿಫೈಯರಿನ ಬೇರೆ ಬೇರೆ ಇನ್‌ಪುಟ್‌ಗೆ. ಮಗಳು ಬಟನ್ ತಿರುಗಿಸುವುದು, ಅಪ್ಪ ಬೆನ್ನು ತಿರುಗಿಸಿ ಕೂತು ಕೇಳುವುದು. ಮೊದಲ ಸುತ್ತಿನಲ್ಲಿ ಪ್ರತಿ ಸಲವೂ ದುಬಾರಿಯದನ್ನೇ ಸರಿಯಾಗಿ ಗುರುತಿಸಿದರು. ‘ನೋಡ್ದಾ? ವೀಣೆ ತಂತಿ ಎಷ್ಟು ಎದ್ದು ಬರುತ್ತೆ!’ ಅಂದರು.

ಆಮೇಲೆ ಮಲ್ಟಿಮೀಟರ್ ತೆಗೆದೆ. 100 ಹರ್ಟ್ಸ್ ಟೋನ್ ಇರುವ ಡಿಸ್ಕ್ ಹಾಕಿ ಎರಡರ ಔಟ್‌ಪುಟ್ ಅಳೆದೆ. ಮಾಮೂಲಿ ಮಲ್ಟಿಮೀಟರ್ ಕರೆಂಟಿನ 50 ಹರ್ಟ್ಸ್ ಆಸುಪಾಸಿನಲ್ಲಷ್ಟೇ ನಂಬುವಂತಿರುತ್ತದೆ, ಅದಕ್ಕೇ 1 ಕಿಲೋಹರ್ಟ್ಸ್ ಬಿಟ್ಟೆ. ಒಂದರಿಂದ 2 ವೋಲ್ಟ್, ಇನ್ನೊಂದರಿಂದ 2.3 ವೋಲ್ಟ್. ಅಂದರೆ ದುಬಾರಿಯದು 1.2 ಡೆಸಿಬಲ್ ಜೋರು. ಇಷ್ಟು ಸಣ್ಣ ವ್ಯತ್ಯಾಸವನ್ನು ಎಷ್ಟೋ ಸಲ ಕಿವಿ ‘ಜೋರು’ ಅಂತ ಗುರುತಿಸುವುದಿಲ್ಲ, ‘ಚೆಂದ’ ಅಂತ ಗುರುತಿಸುತ್ತದೆ. ಜಾಸ್ತಿ ಇದ್ದದ್ದನ್ನು ತಗ್ಗಿಸಿ ಕಾಲು ಡೆಸಿಬಲ್ ಒಳಗೆ ತಂದೆ. ಎರಡನೇ ಸುತ್ತಿನಲ್ಲಿ ಅವರ ಉತ್ತರ ಒಮ್ಮೆ ಸರಿ, ಒಮ್ಮೆ ತಪ್ಪು. ಕೊನೆಗೆ ‘ಬಿಡು, ಇದೇ ಇರಲಿ’ ಅಂದರು. ದುಬಾರಿ ಡ್ಯಾಕಿನಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಈ ಸ್ಪೀಕರಿನಲ್ಲಿ, ಈ ಹಾಲಿನಲ್ಲಿ, ಆ ಕಿವಿಗೆ ಅದು ತಲುಪಲಿಲ್ಲ. ಉಳಿದ ದುಡ್ಡಿಗೆ ಸ್ಪೀಕರ್ ಸ್ಟ್ಯಾಂಡ್ ತಗೊಳ್ಳಿ ಅಂದೆ. ಇಷ್ಟು ದಿನ ಅವು ಬೀರುವಿನೊಳಗೆ ಪುಸ್ತಕಗಳ ಪಕ್ಕ ಕೂತಿದ್ದವು.

ಕರೆಂಟಿನದ್ದೂ ಒಂದು ಮಾತು. ಬೆಸ್ಕಾಂ ಲೈನ್ ಹೋಗಿ ಮನೆಯ ಹಳೇ ಇನ್ವರ್ಟರ್ ಬಂದಾಗ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಝುಂಯ್ ಅನ್ನುತ್ತದೆ. ಆ ಇನ್ವರ್ಟರ್ ಕೊಡುವುದು ಸ್ಕ್ವೇರ್ ವೇವ್, ಬೆಸ್ಕಾಂ ಕರೆಂಟಿನ ನಯವಾದ ಅಲೆ (ಸೈನ್ ವೇವ್) ಅಲ್ಲ. ಟ್ರಾನ್ಸ್‌ಪೋರ್ಟೂ ಡ್ಯಾಕೂ ಇದನ್ನು ಸರಿಮಾಡಲಾರವು. ಕರೆಂಟ್ ಬರುವ ತನಕ ಸಂಗೀತ ಬಂದ್, ಸೈನ್ ವೇವ್ ಇನ್ವರ್ಟರ್ ತಗೊಂಡಾಗ ನೋಡಿಕೊಳ್ಳೋಣ ಅಂತ ಒಪ್ಪಂದ.

ಎಲ್ಲವನ್ನೂ ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಈ ತಾಪತ್ರಯವೇ ಇಲ್ಲ ಅನ್ನುವುದು ಮಗಳ ವಾದ. ಲೆಕ್ಕ ಅವಳ ಕಡೆಗಿದೆ. ಒಂದು ಗಂಟೆಯ ಸಿಡಿ ಅಂದರೆ 635 ಎಂಬಿ, ಒಂದು ಅಂಕಿಯೂ ಕಳೆಯದಂತೆ ಅಡಕ ಮಾಡುವ ಫ್ಲ್ಯಾಕ್ ಫೈಲು ಮಾಡಿದರೆ ಅದರ ಅರ್ಧದ ಆಸುಪಾಸು. ಮುನ್ನೂರೂ ಒಂದು ಸಣ್ಣ ಡ್ರೈವಿನಲ್ಲಿ ಹಿಡಿಯುತ್ತವೆ. ಯಜಮಾನರು ಒಪ್ಪಲಿಲ್ಲ. ಡಬ್ಬಿ ತೆರೆದು ಒಳಗಿನ ಚೀಟಿ ಓದುತ್ತಾ ಕೇಳುವುದು ಅವರ ಕ್ರಮ. ನಾನು ಇಬ್ಬರ ನಡುವೆ ರಾಜಿ ಮಾಡಿಸಿದೆ. ಅಚ್ಚಿನ ಸಿಡಿಗಳು ಬೀರುವಿನಲ್ಲೇ ಇರಲಿ. ಸಿಡಿ-ಆರ್‌ಗಳನ್ನು ಮೊದಲು ಕಾಪಿ ಮಾಡೋಣ, ಯಾಕೆಂದರೆ ಅದರಲ್ಲಿ ಅಂಕಿ ನಿಂತಿರುವುದು ಬಣ್ಣದ ಒಂದು ಪದರದ ಮೇಲೆ. ಬಿಸಿಲು ಸೆಕೆಗೆ ಆ ಬಣ್ಣ ಮಾಸುತ್ತದೆ. ಮೂಲ ಕ್ಯಾಸೆಟ್ಟುಗಳೂ ಈಗಿಲ್ಲ.

ಆ ಕೆಲಸ ಇನ್ನೂ ನಡೆಯುತ್ತಿದೆ. ಬಹಳಷ್ಟು ಸಲೀಸಾಗಿ ಬಂದವು. ಕೆಲವು ಡ್ರೈವಿನ ವೇಗ ತಗ್ಗಿಸಿದ ಮೇಲೆ ಬಂದವು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದ ಒಂದೆರಡು ಯಾವ ಯಂತ್ರದಲ್ಲೂ ಪೂರ್ತಿ ಓದಲಿಲ್ಲ. ಎಂಪಿ3 ಸಿಡಿಗಳಿಗೆ ಡಿವಿಡಿ ಪ್ಲೇಯರ್ ಹಾಗೇ ಉಳಿದಿದೆ, ಅದರ ಅನಲಾಗ್ ವಯರ್ ಟಿವಿಗೆ ಹೋಗುತ್ತದೆ, ಅಲ್ಲಿಂದ ಆಪ್ಟಿಕಲ್‌ನಲ್ಲಿ ಡ್ಯಾಕಿಗೆ. ಬೆಳಗಿನ ಭಕ್ತಿಗೀತೆಗೆ ಅಷ್ಟು ಸಾಕು ಅಂತ ಅಮ್ಮನವರೇ ತೀರ್ಪು ಕೊಟ್ಟಿದ್ದಾರೆ. ಅದಕ್ಕೆ ಟಿವಿ ಹಚ್ಚಬೇಕಲ್ಲ ಅನ್ನುವುದೊಂದೇ ಅವರ ತಕರಾರು. ಆ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ ಅಂತ ಮಗಳು ಹೇಳಿದ್ದಾಳೆ, ಪರೀಕ್ಷೆ ಮುಗಿದ ಮೇಲೆ.